ಮೂರು ಪದ, ಒಂದು ಗಡಿಯಾರ: ಹಿರಿಯರ ಮರೆವನ್ನು ಪರೀಕ್ಷಿಸುವ ಬಗೆ

ಹಿರಿಯರ ಮರೆವು ವಯಸ್ಸಿಗೆ ಸಹಜವೋ ಅಲ್ಲವೋ ಎಂಬ ಅನುಮಾನ ಬಂದಾಗ ಮೊದಲು ಮಾಡಬಹುದಾದ ಪರೀಕ್ಷೆ ಮಿನಿ-ಕಾಗ್. ಸುಮಾರು 3 ನಿಮಿಷ, ಒಂದು ಪೆನ್ನು, ದೊಡ್ಡ ವೃತ್ತ ಬರೆದ ಹಾಳೆ ಸಾಕು. ಇದರಿಂದ ರೋಗ ನಿರ್ಣಯ ಆಗದು. ಮುಂದಿನ ತಪಾಸಣೆ ಬೇಕೇ ಎಂಬುದಷ್ಟೇ ಗೊತ್ತಾಗುತ್ತದೆ.

ಮೊದಲು ಕನ್ನಡಕ, ಶ್ರವಣಯಂತ್ರ ಹಾಕಿಸಿ. ಟಿವಿ ಆರಿಸಿ, ಗಡಿಯಾರ ಕಣ್ಣಿಗೆ ಬೀಳದ ಕಡೆ ಕೂರಿಸಿ. ಕಿವಿಗೆ ಬೀಳದ ಪದವನ್ನು ಮರೆವಿನ ಲೆಕ್ಕಕ್ಕೆ ಸೇರಿಸುವುದು ಅನ್ಯಾಯ.

ಒಂದಕ್ಕೊಂದು ಸಂಬಂಧವಿಲ್ಲದ ಮೂರು ಪದ ಹೇಳಿ: ಬಾಳೆಹಣ್ಣು, ಸೂರ್ಯೋದಯ, ಕುರ್ಚಿ. "ಈಗ ಮತ್ತೆ ಹೇಳಿ, ನೆನಪಿಟ್ಟುಕೊಳ್ಳಿ, ಆಮೇಲೆ ಕೇಳುತ್ತೇನೆ" ಎನ್ನಿ. ತಪ್ಪಿದರೆ ಒಟ್ಟು 3 ಸಲದವರೆಗೆ ಹೇಳಿಕೊಡಬಹುದು.

ನಂತರ ವೃತ್ತದೊಳಗೆ ಗಡಿಯಾರದ ಅಂಕಿಗಳನ್ನು ಬರೆಯಿಸಿ. ಅದು ಮುಗಿದ ಮೇಲೆ "ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸುವ ಹಾಗೆ ಮುಳ್ಳು ಬರೆಯಿರಿ" ಎನ್ನಿ. ಈ ಸಮಯವನ್ನೇ ಕೇಳುವುದಕ್ಕೆ ಕಾರಣವಿದೆ. "ಹತ್ತು" ಎಂದ ಕೂಡಲೇ ಕೈ 10ರ ಕಡೆಗೆ ಓಡುತ್ತದೆ. ಅದನ್ನು ತಡೆದು ಮುಳ್ಳನ್ನು 2ಕ್ಕೆ ತಿರುಗಿಸಬೇಕಾದರೆ ಯೋಚನೆ ಬೇಕು. ಒಂದು ಮುಳ್ಳು 11ಕ್ಕೆ, ಇನ್ನೊಂದು ಪಕ್ಕದ 10ಕ್ಕೆ ನಿಂತಿದ್ದರೆ ಆ ಹಾಳೆ ಜೋಪಾನವಾಗಿರಲಿ. ಗಡಿಯಾರ 3 ನಿಮಿಷದಲ್ಲಿ ಮುಗಿಯದಿದ್ದರೆ ಅಲ್ಲಿಗೇ ಬಿಟ್ಟು ಮುಂದೆ ಹೋಗಿ. ಆಮೇಲೆ ಮೊದಲು ಹೇಳಿದ ಮೂರು ಪದ ಕೇಳಿ. ಸುಳಿವು ಕೊಡಬೇಡಿ. ಪಕ್ಕದಲ್ಲಿ ಕೂತ ಮನೆಯವರು ಪ್ರೀತಿಯಿಂದಲೇ "ಹಣ್ಣು ಅಲ್ವಾ?" ಎಂದುಬಿಡುತ್ತಾರೆ, ಪರೀಕ್ಷೆ ಕೆಡುವುದು ಬಹುಪಾಲು ಅಲ್ಲೇ.

ನೆನಪಾದ ಪದಕ್ಕೆ ತಲಾ 1 ಅಂಕ. 12 ಅಂಕಿಗಳೂ ಕ್ರಮವಾಗಿ, ಹೆಚ್ಚುಕಡಿಮೆ ತಮ್ಮ ಜಾಗದಲ್ಲಿದ್ದು, ಮುಳ್ಳುಗಳು 11 ಮತ್ತು 2ನ್ನು ತೋರಿಸಿದರೆ 2 ಅಂಕ, ಇಲ್ಲದಿದ್ದರೆ ಸೊನ್ನೆ. ನಡುವೆ 1 ಎಂಬುದಿಲ್ಲ. ಮುಳ್ಳಿನ ಉದ್ದ ಲೆಕ್ಕಕ್ಕಿಲ್ಲ. ಐದರಲ್ಲಿ 3ಕ್ಕಿಂತ ಕಡಿಮೆ ಬಂದರೆ ವೈದ್ಯರನ್ನು ಕಾಣಲೇಬೇಕು. 3 ಬಂದರೂ ದಿನದ ವ್ಯವಹಾರದಲ್ಲಿ ಎಡವುತ್ತಿದ್ದರೆ ಹೋಗುವುದೇ ಸರಿ.

ಓದುಬರಹ ಬಾರದವರಿಗೆ, ಕೈ ನಡುಗುವವರಿಗೆ ಗಡಿಯಾರದ ಅಂಕ ನಂಬುವಂತಿಲ್ಲ. ಅಂಥವರಿಗೆ ಎಡಿ8 ವಾಸಿ: ಹತ್ತಿರದಿಂದ ಬಲ್ಲವರಿಗೆ ಎಂಟು ಪ್ರಶ್ನೆ. ಒಂದೇ ಮಾತನ್ನು ಪದೇಪದೇ ಹೇಳುವುದು, ಹಣದ ಲೆಕ್ಕ ತಪ್ಪುವುದು, ಇಷ್ಟದ ಕೆಲಸಗಳಲ್ಲಿ ಆಸಕ್ತಿ ಕುಂದುವುದು ಮುಂತಾದವು ಕೆಲವು ವರ್ಷಗಳಿಂದೀಚೆಗೆ ಬದಲಾಗಿವೆಯೇ ಎಂದು ಕೇಳುತ್ತದೆ. 2 ಅಥವಾ ಹೆಚ್ಚು "ಹೌದು" ಬಂದರೆ ತಪಾಸಣೆ ಬೇಕು.

ಗೊಂದಲ ಕೆಲವೇ ಗಂಟೆ ಅಥವಾ ದಿನಗಳಲ್ಲಿ ಶುರುವಾಗಿದ್ದರೆ ಈ ಪರೀಕ್ಷೆ ಮಾಡುತ್ತಾ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಸೋಂಕು, ಪಾರ್ಶ್ವವಾಯು, ಔಷಧದ ಅಡ್ಡಪರಿಣಾಮ ಇರಬಹುದು. ನಿಧಾನವಾಗಿ ಬಂದ ಮರೆವಿನ ಹಿಂದೆಯೂ ಖಿನ್ನತೆ, ಬಿ12 ಕೊರತೆ, ಥೈರಾಯ್ಡ್ ತೊಂದರೆ, ನಿದ್ದೆ ಮಾತ್ರೆ ಇರುವುದುಂಟು. ಇವಕ್ಕೆಲ್ಲ ಚಿಕಿತ್ಸೆಯಿದೆ, ಪರಿಹಾರವಿದೆ. ಆದ್ದರಿಂದ ದಿನಾಂಕ ಹಾಕಿದ ಗಡಿಯಾರದ ಹಾಳೆಯ ಜತೆಗೆ, ಅವರು ನುಂಗುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿ ವೈದ್ಯರ ಬಳಿ ಒಯ್ಯಿರಿ.