ಸಮೋಸಾ ಆಮೇಲೆ, ಮೊದಲು ರೋಟಾ: ಆಸ್ಪತ್ರೆಯಲ್ಲಿ ಸ್ಟಾಫ್ ನೆಟ್‌ವರ್ಕ್ ನಡೆಸುವುದು ಹೇಗೆ?

ನಮ್ಮ ಮೊದಲ ಮೀಟಿಂಗ್ ಇದ್ದದ್ದು ಮಧ್ಯಾಹ್ನ ಹನ್ನೆರಡೂವರೆಗೆ. ಟ್ರೈನಿಂಗ್ ಬ್ಲಾಕಿನ ಮೇಲಿನ ಮಹಡಿ, ಮೂವತ್ತು ಕುರ್ಚಿ, ಎರಡು ಟ್ರೇ ಸಮೋಸಾ. ಬಂದವರು ಒಂಬತ್ತು ಜನ. ಅದರಲ್ಲಿ ಎಂಟು ಮಂದಿ ಆಫೀಸಿನವರು. ಯೂನಿಫಾರಂನಲ್ಲಿ ಇದ್ದವಳು ಒಬ್ಬಳೇ. ಅವಳೂ ಹತ್ತು ನಿಮಿಷಕ್ಕೆ ವಾರ್ಡಿನಿಂದ ಫೋನ್ ಬಂತು ಅಂತ ಎದ್ದು ಹೋದಳು. ಉಳಿದ ಸಮೋಸಾ ಹಿಡಿದುಕೊಂಡು ಸಂಜೆ ನಾನೇ ವಾರ್ಡ್ ವಾರ್ಡಿಗೆ ಹೋಗಿ ಹಂಚಿದೆ. ಆಗ ಗೊತ್ತಾಯಿತು. ಯಾರಿಗೋಸ್ಕರ ಇದನ್ನು ಶುರು ಮಾಡಿದ್ದೆವೋ ಅವರೆಲ್ಲ ಅಲ್ಲೇ ಇದ್ದರು. ನಾವು ಕರೆದ ಹೊತ್ತಿಗೆ ಅವರಿಗೆ ಬರಲು ಆಗುವುದಿಲ್ಲ, ಅಷ್ಟೇ.

ಇದು ಇಂಗ್ಲೆಂಡಿನ ಒಂದು ಸರ್ಕಾರಿ ಆಸ್ಪತ್ರೆಯ ಕತೆ. ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಶುರುವಾಗಿದ್ದು 1948ರ ಜುಲೈ 5ರಂದು. ಅದಕ್ಕೆ ಎರಡು ವಾರ ಮೊದಲು ಕೆರಿಬಿಯನ್ ದ್ವೀಪಗಳ ಜನರನ್ನು ಹೊತ್ತ ‘ಎಂಪೈರ್ ವಿಂಡ್‌ರಶ್’ ಹಡಗು ಟಿಲ್ಬರಿ ಬಂದರಿಗೆ ಬಂದಿತ್ತು. ಹೊರಗಿನಿಂದ ಬಂದವರ ಕೈ ಇಲ್ಲದೆ ಈ ಸೇವೆ ನಡೆದ ಕಾಲವೇ ಇಲ್ಲ ಅನ್ನಬಹುದು. ಈಗ ಇಂಗ್ಲೆಂಡಿನ ಎನ್‌ಎಚ್‌ಎಸ್‌ನಲ್ಲಿ ಸುಮಾರು 15 ಲಕ್ಷ ನೌಕರರಿದ್ದಾರೆ. ಐದರಲ್ಲಿ ಒಬ್ಬರು ಬ್ರಿಟಿಷ್ ಪ್ರಜೆಯಲ್ಲ. ಅವರಲ್ಲಿ ಎಲ್ಲರಿಗಿಂತ ಜಾಸ್ತಿ ಇರುವುದು ಭಾರತೀಯರು. ಬೆಂಗಳೂರು, ಮಂಗಳೂರಿನಲ್ಲಿ ನರ್ಸಿಂಗ್ ಓದಿ ಅಲ್ಲಿಗೆ ಹೋದವರು ನಿಮ್ಮ ಬೀದಿಯಲ್ಲೂ ಒಬ್ಬರಿರಬಹುದು.

ಸ್ಟಾಫ್ ನೆಟ್‌ವರ್ಕ್ ಅಂದರೆ ಒಂದೇ ತರಹದ ತೊಡಕು ಎದುರಿಸುವ ನೌಕರರು ಸೇರಿ ಕಟ್ಟಿಕೊಂಡ ಬಳಗ. ಆಸ್ಪತ್ರೆಯ ಒಳಗೇ ಇರುತ್ತದೆ, ಆಡಳಿತಕ್ಕೆ ಗೊತ್ತಿದ್ದೇ ನಡೆಯುತ್ತದೆ. ನಮ್ಮದು ಹೊರದೇಶಗಳಿಂದ ಬಂದ ನೌಕರರದ್ದು. ಅಂಥದ್ದೊಂದನ್ನು ನೀವು ನಡೆಸಬೇಕಾಗಿ ಬಂದರೆ ಎಲ್ಲಿಂದ ಶುರು ಮಾಡುವುದು? ನಾನು ತಪ್ಪು ಮಾಡಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಹಂತ 1: ಏನು ಮಾಡುವುದಿಲ್ಲ ಅಂತ ಮೊದಲು ಬರೆದಿಡಿ

ನೆಟ್‌ವರ್ಕ್ ಯೂನಿಯನ್ ಅಲ್ಲ. ಸಂಬಳದ ಮಾತುಕತೆ, ಶಿಸ್ತು ಕ್ರಮದ ವಾದ ಯೂನಿಯನ್ನಿನ ಕೆಲಸ. ಶಿಸ್ತು ವಿಚಾರಣೆಗೆ ಯೂನಿಯನ್ ಪ್ರತಿನಿಧಿಯನ್ನೋ ಸಹೋದ್ಯೋಗಿಯನ್ನೋ ಜೊತೆಗೆ ಕರೆದುಕೊಂಡು ಹೋಗುವ ಹಕ್ಕು ಅಲ್ಲಿನ ಕಾನೂನಿನಲ್ಲಿದೆ. ನೀವು ಸಹೋದ್ಯೋಗಿಯಾಗಿ ಹೋಗಿ ಪಕ್ಕದಲ್ಲಿ ಕೂರಬಹುದು. ಆದರೆ ಕೇಸು ನಡೆಸಲು ಹೋಗಬೇಡಿ. ಯಾರಾದರೂ ತೊಂದರೆ ಹೇಳಿಕೊಂಡು ಬಂದರೆ ನಾನು ಕೇಳುವ ಮೊದಲ ಪ್ರಶ್ನೆ, ‘ಯೂನಿಯನ್ ಸೇರಿದ್ದೀಯಾ?’ ತಾರತಮ್ಯದ ದೂರನ್ನು ಟ್ರಿಬ್ಯುನಲ್‌ಗೆ ಒಯ್ಯುವ ಗಡುವು ಕೆಲವೇ ತಿಂಗಳು. ನಾವು ಟೀ ಕುಡಿಸಿ ಸಮಾಧಾನ ಮಾಡುತ್ತ ಕೂತರೆ ಆ ಗಡುವೇ ದಾಟಿ ಹೋಗುತ್ತದೆ.

ಇನ್ನೊಂದು ವೀಸಾ. ‘ಅಕ್ಕಾ, ಕೆಲಸ ಬದಲಾಯಿಸಿದರೆ ನನ್ನ ವೀಸಾ ಏನಾಗುತ್ತೆ?’ ಅಂತ ವಾರಕ್ಕೆ ಒಬ್ಬರಾದರೂ ಕೇಳುತ್ತಾರೆ. ಉತ್ತರ ಗೊತ್ತಿದೆ ಅನ್ನಿಸಿದರೂ ಬಾಯಿ ಕಟ್ಟಿಕೊಳ್ಳಿ. ಬ್ರಿಟನ್ನಿನಲ್ಲಿ ನೋಂದಣಿ ಇಲ್ಲದವರು ವಲಸೆ ಸಲಹೆ ಕೊಡುವುದಕ್ಕೆ 1999ರ ಕಾನೂನು ಕಡಿವಾಣ ಹಾಕಿದೆ, ಅದು ಅಪರಾಧವೂ ಆಗಬಹುದು. ದುಡ್ಡು ತಗೊಂಡಿಲ್ಲ ಅನ್ನುವುದು ನೆಪವಾಗುವುದಿಲ್ಲ. ನೋಂದಾಯಿತ ಸಲಹೆಗಾರರ ಪಟ್ಟಿ ಸರ್ಕಾರದ್ದೇ ಇದೆ, ಅದನ್ನು ತೋರಿಸಿ. ಸಾಲದ್ದಕ್ಕೆ ನಿಯಮಗಳು ಬದಲಾಗುತ್ತಲೇ ಇರುತ್ತವೆ. ಹೋದ ವರ್ಷ ನಮಗೆ ಆದದ್ದು ಈ ವರ್ಷ ಅವರಿಗೆ ಆಗಬೇಕು ಅಂತೇನಿಲ್ಲ.

ಹಂತ 2: ಇಬ್ಬರು ಚೇರ್, ಒಂದು ಹಾಳೆ

ಚೇರ್ ಅಂದರೆ ನೆಟ್‌ವರ್ಕಿನ ಅಧ್ಯಕ್ಷರು. ಒಬ್ಬರೇ ಆದರೆ ಅವರು ಊರಿಗೆ ಹೋದ ತಿಂಗಳು ನೆಟ್‌ವರ್ಕೂ ರಜೆ ಹಾಕುತ್ತದೆ. ಇಬ್ಬರಿರಲಿ. ಅವರಲ್ಲಿ ಒಬ್ಬರು ಶಿಫ್ಟ್ ಮಾಡುವವರೇ ಆಗಿರಲಿ. ನರ್ಸೋ, ಪೋರ್ಟರೋ, ಕ್ಲೀನಿಂಗಿನವರೋ, ಯಾರಾದರೂ ಸರಿ. ಬೋರ್ಡಿನ ನಿರ್ದೇಶಕರೊಬ್ಬರನ್ನು ಪೋಷಕರಾಗಿ ಕೇಳಿ. ಎಚ್‌ಆರ್ ನಿರ್ದೇಶಕರೇ ಸಹಜ ಆಯ್ಕೆ ಅನ್ನಿಸುತ್ತದೆ. ನನ್ನ ಮಾತು ಕೇಳಿದರೆ ಹಣಕಾಸಿನವರನ್ನು ಹಿಡಿಯಿರಿ. ಯಾಕೆ ಅಂತ ಮುಂದಿನ ಹಂತದಲ್ಲಿ ಗೊತ್ತಾಗುತ್ತದೆ.

ಯಾರು ಸೇರಬಹುದು, ಎಷ್ಟು ಸಲ ಸೇರುತ್ತೇವೆ, ಇಲ್ಲಿ ಆಡಿದ ಮಾತು ಎಲ್ಲಿಯವರೆಗೆ ಗುಟ್ಟು, ಚೇರ್ ಎಷ್ಟು ವರ್ಷ. ಇಷ್ಟನ್ನು ಒಂದೇ ಹಾಳೆಯಲ್ಲಿ ಬರೆದು ಸಹಿ ಹಾಕಿಸಿಕೊಳ್ಳಿ. ಹತ್ತು ಪುಟ ಬರೆದರೆ ಯಾರೂ ಓದುವುದಿಲ್ಲ.

ಹಂತ 3: ಸಮಯವನ್ನು ಕಾಗದದಲ್ಲಿ ಪಡೆಯಿರಿ

ಬಹಳ ನೆಟ್‌ವರ್ಕ್‌ಗಳು ಎಡವುವುದು ಇಲ್ಲೇ. ಮಾನ್ಯತೆ ಪಡೆದ ಯೂನಿಯನ್ ಪ್ರತಿನಿಧಿಗೆ ಸಂಬಳ ಸಹಿತ ಬಿಡುವು ಕೊಡಬೇಕು ಅಂತ 1992ರ ಕಾನೂನೇ ಹೇಳುತ್ತದೆ. ಸ್ಟಾಫ್ ನೆಟ್‌ವರ್ಕಿನ ಚೇರ್‌ಗೆ ಅಂಥ ಕಾನೂನು ಇಲ್ಲ. ಕೊಟ್ಟರೆ ಕೊಟ್ಟರು. ಮೊದಲ ಎಂಟು ತಿಂಗಳು ನಾನು ಎಲ್ಲವನ್ನೂ ಡೇ ಆಫ್‌ನಲ್ಲೋ ಡ್ಯೂಟಿ ಮುಗಿದ ಮೇಲೋ ಮಾಡಿದೆ. ಹನ್ನೆರಡೂವರೆ ಗಂಟೆ ಶಿಫ್ಟ್ ಮುಗಿಸಿ ಮನೆಗೆ ಬಂದು, ಅನ್ನಕ್ಕೆ ಇಟ್ಟು, ಲ್ಯಾಪ್‌ಟಾಪ್ ತೆಗೆದು ಮೀಟಿಂಗಿನ ನಡಾವಳಿ ಟೈಪ್ ಮಾಡುವುದು. ನಮ್ಮ ವಾರ್ಡ್ ಮ್ಯಾನೇಜರ್ ಒಳ್ಳೆಯವರೇ. ಆದರೆ ಮೊದಲೇ ಒಬ್ಬ ನರ್ಸ್ ಕಮ್ಮಿ ಇರುವ ದಿನ ‘ನನ್ನನ್ನು ಮೀಟಿಂಗಿಗೆ ಬಿಡಿ’ ಅಂದರೆ ಅವರಾದರೂ ಏನು ಮಾಡಬೇಕು, ಅಲ್ವಾ?

ಅದಕ್ಕೆ ಬೇಡಿಕೆಯನ್ನು ವಾರ್ಡಿನಲ್ಲಿ ಇಡಬೇಡಿ, ಮೇಲೆ ಇಡಿ. ಮೂರು ವಿಷಯ ಕೇಳಿ. ಒಂದು, ತಿಂಗಳಿಗೆ ಎಷ್ಟು ಗಂಟೆ. ಅಲ್ಲಿ ವಾರಕ್ಕೆ 37.5 ಗಂಟೆ ಕೆಲಸ, ಅಂದರೆ ಒಂದು ದಿನಕ್ಕೆ 7.5 ಗಂಟೆ ಲೆಕ್ಕ. ನಾವು ಪ್ರತಿ ಚೇರ್‌ಗೆ ತಿಂಗಳಿಗೆ ಒಂದು ದಿನ ಕೇಳಿದೆವು. ಎರಡು, ಆ ದಿನ ವಾರ್ಡಿಗೆ ಬರುವ ಬದಲಿ ನರ್ಸಿನ ಸಂಬಳ ಯಾವ ಬಜೆಟ್ಟಿನಿಂದ. ಇದು ವಾರ್ಡಿನ ಲೆಕ್ಕಕ್ಕೆ ಬಿದ್ದರೆ ಸಹೋದ್ಯೋಗಿಗಳ ಸಿಟ್ಟೆಲ್ಲ ನಿಮ್ಮ ಮೇಲೆ. ಹಣಕಾಸಿನವರು ಪೋಷಕರಾಗಿರಲಿ ಅಂದದ್ದು ಇದಕ್ಕೇ. ಮೂರು, ರೋಟಾ, ಅಂದರೆ ಯಾರಿಗೆ ಯಾವತ್ತು ಡ್ಯೂಟಿ ಅನ್ನುವ ಪಟ್ಟಿ, ಹಾಕುವಾಗಲೇ ಆ ದಿನ ‘ನೆಟ್‌ವರ್ಕ್’ ಅಂತ ನಮೂದಾಗಬೇಕು. ರೋಟಾ ವಾರಗಟ್ಟಲೆ ಮೊದಲೇ ತಯಾರಾಗುತ್ತದೆ. ಆಮೇಲೆ ಕೇಳಿದರೆ ಅದು ಉಪಕಾರ ಕೇಳಿದ ಹಾಗೆ. ರೋಟಾದಲ್ಲಿ ಬಂದರೆ ಅದೂ ಡ್ಯೂಟಿ.

‘ಕಾನೂನಿಲ್ಲ ಅಂದ ಮೇಲೆ ಯಾಕೆ ಕೊಡಬೇಕು?’ ಅಂತ ಕೇಳುವವರು ಇರುತ್ತಾರೆ. ಆಗ 2010ರ ಸಮಾನತೆ ಕಾನೂನನ್ನು ನೆನಪಿಸಿ. ಅದರ 149ನೇ ಸೆಕ್ಷನ್ ಸರ್ಕಾರಿ ಸಂಸ್ಥೆಗಳ ಮೇಲೆ ಮೂರು ಹೊಣೆ ಹೊರಿಸಿದೆ. ತಾರತಮ್ಯ ಹೋಗಲಾಡಿಸುವುದು, ಅವಕಾಶದಲ್ಲಿ ಸಮಾನತೆ ತರುವುದು, ಬೇರೆ ಬೇರೆ ಗುಂಪುಗಳ ನಡುವೆ ಒಳ್ಳೆಯ ಸಂಬಂಧ ಬೆಳೆಸುವುದು. ಈ ಮೂರಕ್ಕೂ ‘ಸರಿಯಾದ ಗಮನ’ ಕೊಡಬೇಕು ಅನ್ನುತ್ತದೆ ಕಾನೂನು. ನೆಟ್‌ವರ್ಕ್ ಆ ಕೆಲಸಕ್ಕೆ ಹೆಗಲು ಕೊಡುತ್ತಿದೆ. ಪುಕ್ಕಟೆ ಯಾಕೆ ಕೊಡಬೇಕು?

ಹಂತ 4: ಜನ ಇರುವಲ್ಲಿಗೆ ನೀವೇ ಹೋಗಿ

ಮಧ್ಯಾಹ್ನದ ಮೀಟಿಂಗ್ ಬಿಟ್ಟೆವು. ನಮ್ಮಲ್ಲಿ ನೈಟ್ ಡ್ಯೂಟಿಯವರ ಹ್ಯಾಂಡೋವರ್ ಮುಗಿಯುವುದು ಬೆಳಗ್ಗೆ ಎಂಟರ ಹತ್ತಿರ. ಎಂಟಕ್ಕೆ ಕ್ಯಾಂಟೀನಿನ ಕಿಟಕಿ ಪಕ್ಕದ ಟೇಬಲ್ಲಿನಲ್ಲಿ ಕೂತೆವು. ಅಜೆಂಡಾ ಇಲ್ಲ, ಇಪ್ಪತ್ತೇ ನಿಮಿಷ. ಕಣ್ಣು ಕೆಂಪಾಗಿರುತ್ತದೆ, ಕೋಟು ಹಾಕಿಕೊಂಡೇ ಕೂರುತ್ತಾರೆ, ಆದರೆ ಮಾತಾಡುತ್ತಾರೆ. ಮೀಟಿಂಗ್ ರೂಮಿನಲ್ಲಿ ‘ಎವೆರಿಥಿಂಗ್ ಈಸ್ ಫೈನ್’ ಅಂದವರೇ ಅಲ್ಲಿ ಟೋಸ್ಟ್ ತಿನ್ನುತ್ತ ‘ಆ ರೋಗಿ ನನ್ನ ಕೈ ಮುಟ್ಟಬೇಡ ಅಂದ’ ಅಂತ ಹೇಳಿದರು.

ವಾಟ್ಸಾಪ್ ಗುಂಪು ಬೇಕು. ಆದರೆ ರೋಗಿಯ ಹೆಸರು, ಮ್ಯಾನೇಜರ್ ಹೆಸರು ಅಲ್ಲಿ ಬರಕೂಡದು. ಒಂದು ಸ್ಕ್ರೀನ್‌ಶಾಟ್ ಹೊರಗೆ ಹೋದರೆ ಸಾಕು.

ಮತ್ತೆ ಭಾಷೆ. ಭಾರತದ ನರ್ಸ್ ಅಂದ ತಕ್ಷಣ ಎಲ್ಲರೂ ಮಲಯಾಳಿ ಅಂದುಕೊಳ್ಳುತ್ತಾರೆ. ಮಲಯಾಳಿಗಳೂ ನನ್ನ ಹತ್ತಿರ ಮಲಯಾಳದಲ್ಲೇ ಶುರು ಮಾಡುತ್ತಾರೆ. ನಗು ಬರುತ್ತದೆ, ಆದರೆ ಪಕ್ಕದಲ್ಲಿ ಕೂತ ನೈಜೀರಿಯಾದವಳಿಗೆ, ಫಿಲಿಪ್ಪೀನ್ಸಿನವನಿಗೆ ಅದು ಇನ್ನೊಂದು ಗೋಡೆ. ಮೀಟಿಂಗಿನಲ್ಲಿ ಇಂಗ್ಲಿಷ್ ಅಂತ ನಾವೇ ಮಾಡಿಕೊಂಡೆವು. ‘ಸ್ಟಾಫ್ ರೂಮಿನಲ್ಲಿ ಇವರು ಏನೋ ಅವರ ಭಾಷೆಯಲ್ಲಿ ಮಾತಾಡ್ತಾರೆ’ ಅನ್ನುವ ದೂರೂ ಬಂತು. ಮ್ಯಾನೇಜರುಗಳ ಜೊತೆ ಕೂತು ಒಂದು ಸಾಲು ಒಪ್ಪಿಸಿದೆವು: ರೋಗಿಯ ಮುಂದೆ ಮತ್ತು ಕೆಲಸದ ಮಾತಿಗೆ ಇಂಗ್ಲಿಷ್, ಬ್ರೇಕಿನಲ್ಲಿ ಅಮ್ಮನಿಗೆ ಫೋನ್ ಮಾಡುವಾಗ ಅವರವರ ಭಾಷೆ.

ಹಂತ 5: ಲೆಕ್ಕ ಓದಲು ಕಲಿಯಿರಿ

ಬೋರ್ಡಿನ ಮುಂದೆ ನೋವು ತೋಡಿಕೊಂಡರೆ ಅವರೂ ನೊಂದುಕೊಳ್ಳುತ್ತಾರೆ, ಮುಂದಿನ ವಿಷಯಕ್ಕೆ ಹೋಗುತ್ತಾರೆ. ಲೆಕ್ಕ ಇಟ್ಟರೆ ಉತ್ತರ ಕೊಡಬೇಕಾಗುತ್ತದೆ. 2015ರಿಂದ ಎನ್‌ಎಚ್‌ಎಸ್ ಸಂಸ್ಥೆಗಳು ‘ವರ್ಕ್‌ಫೋರ್ಸ್ ರೇಸ್ ಈಕ್ವಾಲಿಟಿ ಸ್ಟ್ಯಾಂಡರ್ಡ್’ ಅನ್ನುವ ಲೆಕ್ಕವನ್ನು ಪ್ರತಿ ವರ್ಷ ಪ್ರಕಟಿಸಬೇಕು. ಒಂಬತ್ತು ಅಳತೆಗಳಿವೆ. ಯಾವ ಬ್ಯಾಂಡಿನಲ್ಲಿ (ಅಂದರೆ ಸಂಬಳದ ಶ್ರೇಣಿಯಲ್ಲಿ) ಎಷ್ಟು ಜನ, ಸಂದರ್ಶನಕ್ಕೆ ಕರೆದವರಲ್ಲಿ ಯಾರಿಗೆ ಕೆಲಸ ಸಿಕ್ಕಿತು, ಶಿಸ್ತು ಕ್ರಮಕ್ಕೆ ಯಾರು ಹೆಚ್ಚು ಒಳಗಾದರು, ಬೋರ್ಡಿನಲ್ಲಿ ಯಾರಿದ್ದಾರೆ, ಹೀಗೆ. ನಿಮ್ಮ ಆಸ್ಪತ್ರೆಯದ್ದು ಅದರ ವೆಬ್‌ಸೈಟಿನಲ್ಲೇ ಇರುತ್ತದೆ.

ಓದುವುದು ಕಷ್ಟವಲ್ಲ. ಒಂದು ಕಾಲ್ಪನಿಕ ಉದಾಹರಣೆ ನೋಡಿ. ಸಂದರ್ಶನಕ್ಕೆ ಬಂದ 100 ಬಿಳಿಯರಲ್ಲಿ 40 ಜನಕ್ಕೆ ಕೆಲಸ ಸಿಕ್ಕಿತು. 50 ಕಪ್ಪು ಮತ್ತು ಅಲ್ಪಸಂಖ್ಯಾತ ಜನಾಂಗದವರಲ್ಲಿ 10 ಜನಕ್ಕೆ ಸಿಕ್ಕಿತು. ಅಲ್ಲಿ 100ಕ್ಕೆ 40, ಇಲ್ಲಿ 100ಕ್ಕೆ 20. ವರದಿಯಲ್ಲಿ ಇದು ‘2.0’ ಅಂತ ಬರುತ್ತದೆ. 1.0 ಇದ್ದರೆ ಸರಿಸಮ. ಶಿಸ್ತು ಕ್ರಮದ ಲೆಕ್ಕವೂ ಹೀಗೇ, ಆದರೆ ಅಲ್ಲಿ ಭಾಗಾಕಾರ ತಿರುಗಮುರುಗ. ಯಾವುದರ ಮೇಲೆ ಯಾವುದು ಅಂತ ನೋಡಿಕೊಳ್ಳಿ. ನಾನು ಒಮ್ಮೆ ಬೋರ್ಡಿನ ಮುಂದೆಯೇ ಉಲ್ಟಾ ಓದಿ ನಾಲಿಗೆ ಕಚ್ಚಿಕೊಂಡಿದ್ದೇನೆ.

ಈ ಲೆಕ್ಕದಲ್ಲಿ ಒಂದು ಕಣ್ಣುಪಟ್ಟಿ ಇದೆ. ಅದು ಜನಾಂಗ ನೋಡುತ್ತದೆ, ವಲಸೆ ನೋಡುವುದಿಲ್ಲ. ಬರ್ಮಿಂಗ್‌ಹ್ಯಾಮ್‌ನಲ್ಲೇ ಹುಟ್ಟಿ ಬೆಳೆದ ಹುಡುಗಿ ಮತ್ತು ಹೋದ ತಿಂಗಳು ಹಾಸನದಿಂದ ಬಂದವಳು ಅಲ್ಲಿ ಒಂದೇ ಸಾಲು. ಅದಕ್ಕೆ ಎಚ್‌ಆರ್‌ಗೆ ಇನ್ನೊಂದು ಪ್ರಶ್ನೆ ಹಾಕಿ: ಹೊರದೇಶದಲ್ಲಿ ತರಬೇತಿ ಪಡೆದ ನರ್ಸುಗಳು ಬ್ಯಾಂಡ್ 5ರಿಂದ 6ಕ್ಕೆ ಹೋಗಲು ಎಷ್ಟು ವರ್ಷ ತಗೊಳ್ಳುತ್ತಿದ್ದಾರೆ? ಇಲ್ಲಿ ತರಬೇತಿ ಪಡೆದವರು? ಊರಲ್ಲಿ ಹತ್ತು ವರ್ಷ ಐಸಿಯು ನೋಡಿ ಬಂದವರೂ ಸಾಮಾನ್ಯವಾಗಿ ಬ್ಯಾಂಡ್ 5ರಲ್ಲೇ ಶುರು ಮಾಡುತ್ತಾರೆ. ಹೊರಗಿನ ಅನುಭವವನ್ನು ಸಂಬಳಕ್ಕೆ ಲೆಕ್ಕ ಹಿಡಿಯುವ ವಿವೇಚನೆ ಆಸ್ಪತ್ರೆಗೆ ಇದೆ. ಯಾರಿಗೆ ಹಿಡಿದಿರಿ, ಯಾರಿಗೆ ಹಿಡಿದಿಲ್ಲ ಅಂತ ಕೇಳಿ. ಸುಮ್ನೆ ಕೇಳಿದ್ದಕ್ಕೇ ನಮ್ಮಲ್ಲಿ ಒಂದು ಕಡತ ಧೂಳು ಕೊಡವಿಕೊಂಡು ಎದ್ದಿತು.

ಹಂತ 6: ಮೊದಲ ಗೆಲುವು ಚಿಕ್ಕದಿರಲಿ

ನಮ್ಮದು ಬ್ಯಾಡ್ಜ್. ನಮ್ಮ ಕಡೆ ಎಷ್ಟೋ ಜನಕ್ಕೆ ಸರ್‌ನೇಮ್ ಇಲ್ಲ, ಇನಿಷಿಯಲ್ ಇರುತ್ತದೆ. ಪಾಸ್‌ಪೋರ್ಟ್ ಮಾಡಿಸುವಾಗ ಅದನ್ನು ಬಿಡಿಸಿ ಬರೆಯುತ್ತಾರೆ, ಅಪ್ಪನ ಹೆಸರೋ ಊರಿನ ಹೆಸರೋ ಸೇರಿಕೊಳ್ಳುತ್ತದೆ. ಕಂಪ್ಯೂಟರ್ ಅದರಲ್ಲಿ ಯಾವುದನ್ನು ಹಿಡಿಯುತ್ತದೋ ಅದೇ ಬ್ಯಾಡ್ಜಿಗೆ. ಹೊಸದಾಗಿ ಬಂದ ಹುಡುಗಿಯೊಬ್ಬಳನ್ನು ಎರಡು ತಿಂಗಳು ಇಡೀ ವಾರ್ಡು ಅವಳ ಅಪ್ಪನ ಹೆಸರಿನಿಂದ ಕರೆಯಿತು. ರೋಗಿಗಳು ‘ಥ್ಯಾಂಕ್ಯೂ ರಾಮಯ್ಯ’ ಅನ್ನುತ್ತಿದ್ದರು. ಪಾಪ, ಅವಳಿಗೆ ತಿದ್ದಲು ಸಂಕೋಚ. ಕರೆಯುವ ಹೆಸರನ್ನು ಬ್ಯಾಡ್ಜಿಗೆ ಹಾಕಿಸುವ ಫಾರಂ ಒಂದನ್ನು ಮಾಡಿಸಿದೆವು. ಖರ್ಚು ಏನೂ ಇಲ್ಲ. ಮರುವಾರ ಎಂಟಕ್ಕೆ ಕ್ಯಾಂಟೀನಿನಲ್ಲಿ ಎರಡು ಟೇಬಲ್ ಜೋಡಿಸಬೇಕಾಯಿತು.

ಹಂತ 7: ಹೊಸಬರ ಮೊದಲ ತಿಂಗಳು

ಹೊರಗಿನಿಂದ ಬಂದ ನರ್ಸ್ ‘ಆಸ್ಕಿ’ ಅನ್ನುವ ಪ್ರಾಯೋಗಿಕ ಪರೀಕ್ಷೆ ಪಾಸಾಗಿ ನೋಂದಣಿ ಸಂಖ್ಯೆ, ಅಂದರೆ ಪಿನ್, ಬರುವವರೆಗೆ ಕೆಳಗಿನ ಬ್ಯಾಂಡಿನಲ್ಲಿ ಇರುತ್ತಾರೆ. ಆ ದಿನಗಳಲ್ಲೇ ಅಳು ಜಾಸ್ತಿ. ಒಬ್ಬೊಬ್ಬರಿಗೆ ಒಬ್ಬ ಜೊತೆಗಾರರನ್ನು ಹಚ್ಚಿ. ಬ್ಯಾಂಕ್ ಖಾತೆ, ಬಸ್ ಪಾಸ್, ಚಳಿಗೆ ಯಾವ ಬೂಟು, ಒಗ್ಗರಣೆ ಹಾಕಿದರೆ ಹಾಸ್ಟೆಲಿನ ಫೈರ್ ಅಲಾರಂ ಹೊಡೆದುಕೊಳ್ಳುತ್ತದೆ ಅನ್ನುವ ಎಚ್ಚರಿಕೆ, ಎಲ್ಲ ಅವರೇ ಹೇಳಲಿ. ಕರಾರಿನಲ್ಲಿ ‘ಇಷ್ಟು ವರ್ಷದೊಳಗೆ ಬಿಟ್ಟರೆ ಇಷ್ಟು ಹಣ ವಾಪಸ್’ ಅನ್ನುವ ಸಾಲು ಇದ್ದರೆ ಯೂನಿಯನ್ನಿಗೆ ತೋರಿಸಲು ಹೇಳಿ. ಇದರ ಬಗ್ಗೆ ಸರ್ಕಾರದ ನೇಮಕಾತಿ ಸಂಹಿತೆಯಲ್ಲೇ ಮಾತಿದೆ. ಬಾಯಿ ಬಿಡಲು ಹೆದರುವವರಿಗೆ ‘ಫ್ರೀಡಂ ಟು ಸ್ಪೀಕ್ ಅಪ್ ಗಾರ್ಡಿಯನ್’ ಅನ್ನುವವರು ಎಲ್ಲ ಆಸ್ಪತ್ರೆ ಟ್ರಸ್ಟ್‌ಗಳಲ್ಲಿ ಇರುತ್ತಾರೆ. ಅವರ ಮುಖ ತೋರಿಸಿ ಪರಿಚಯ ಮಾಡಿಸಿ. ಪೋಸ್ಟರ್ ನೋಡಿ ಯಾರೂ ಹೋಗುವುದಿಲ್ಲ.

ಹಂತ 8: ಕೆಟ್ಟ ದಿನಕ್ಕೆ ಮೊದಲೇ ತಯಾರಿ

2020ರ ವಸಂತದಲ್ಲಿ ಕೋವಿಡ್‌ಗೆ ಮೊದಲು ಬಲಿಯಾದ ವೈದ್ಯರಲ್ಲಿ ಹೆಚ್ಚಿನವರು ಏಷ್ಯಾ, ಆಫ್ರಿಕಾ ಮೂಲದವರು. ಯಾರಿಗೆ ಅಪಾಯ ಜಾಸ್ತಿ ಅಂತ ಆಸ್ಪತ್ರೆಗಳು ಒಬ್ಬೊಬ್ಬರದೂ ಪರಿಶೀಲನೆ ಮಾಡುವಂತೆ ಒತ್ತಡ ಹಾಕಿದವರಲ್ಲಿ ನೆಟ್‌ವರ್ಕ್‌ಗಳೂ ಇದ್ದವು. 2024ರ ಆಗಸ್ಟಿನಲ್ಲಿ ಸೌತ್‌ಪೋರ್ಟ್ ಊರಿನಲ್ಲಿ ಮೂವರು ಹುಡುಗಿಯರನ್ನು ಚೂರಿಯಿಂದ ಇರಿದು ಕೊಂದ ಘಟನೆಯ ನಂತರ ವಲಸಿಗರ ವಿರುದ್ಧ ಗಲಭೆ ಹಬ್ಬಿದಾಗ ಸಂಡರ್‌ಲೆಂಡ್‌ನಲ್ಲಿ ಡ್ಯೂಟಿಗೆ ಹೊರಟ ಫಿಲಿಪ್ಪೀನ್ಸಿನ ಇಬ್ಬರು ನರ್ಸುಗಳ ಮೇಲೆ ಕಲ್ಲು ಬಿದ್ದಿತು. ಅಂಥ ರಾತ್ರಿ ‘ನಾವು ನಿಮ್ಮ ಜೊತೆ ಇದ್ದೇವೆ’ ಅನ್ನುವ ಇಮೇಲ್ ಯಾವ ಮೂಲೆಗೆ? ಟ್ಯಾಕ್ಸಿ ಬೇಕು. ದುಡ್ಡು ಯಾರು ಕೊಡುತ್ತಾರೆ, ಯಾವ ನಂಬರಿಗೆ ಫೋನ್ ಮಾಡಬೇಕು, ಶಿಫ್ಟ್ ಬದಲಾಯಿಸಲು ಯಾರ ಅನುಮತಿ ಸಾಕು, ಕಾರು ಇರುವ ಯಾರು ಯಾವ ದಾರಿಯಲ್ಲಿ ಬರುತ್ತಾರೆ. ಇವನ್ನು ಶಾಂತವಾಗಿರುವ ದಿನವೇ ಬರೆದಿಡಿ.

ಹಂತ 9: ಬಿಟ್ಟುಕೊಡುವುದು

ಹಾಳೆಯಲ್ಲಿ ಎರಡು ವರ್ಷ ಅಂತ ಬರೆದಿದ್ದರೆ ಎರಡೇ ವರ್ಷ. ‘ನೀವೇ ಇರಿ’ ಅಂತಾರೆ, ಕೇಳಬೇಡಿ. ಕೊನೆಯ ಆರು ತಿಂಗಳು ಮುಂದಿನವರನ್ನು ಬೋರ್ಡ್ ಮೀಟಿಂಗಿಗೂ ಕರೆದುಕೊಂಡು ಹೋಗಿ. ನಾನು ಬಿಟ್ಟಾಗ ಚೇರ್ ಆದವಳು ಮೊದಲ ಮೀಟಿಂಗಿನಿಂದ ಎದ್ದು ಹೋಗಿದ್ದಳಲ್ಲ, ಅದೇ ಯೂನಿಫಾರಂ ಹುಡುಗಿ. ಅವಳ ಕೈಗೆ ಮೂರು ಕೊಟ್ಟೆ: ಸಹಿ ಮಾಡಿದ ಒಂದು ಹಾಳೆ, ಬದಲಿ ನರ್ಸಿನ ಬಜೆಟ್ ಕೋಡ್, ಸಮೋಸಾ ಅಂಗಡಿಯ ನಂಬರ್. ಅವಳು ಮೊದಲು ಬಜೆಟ್ ಕೋಡನ್ನು ಫೋನಿನಲ್ಲಿ ಸೇವ್ ಮಾಡಿಕೊಂಡಳು.