ಓರ್ವಿಯೆಟೊ: ಎಟ್ರುಸ್ಕನ್ನರ ಬೆಟ್ಟದೂರನ್ನು ಬುಡದಿಂದ ನೋಡುವ ಕ್ರಮ

ರೋಮ್ ಮತ್ತು ಫ್ಲಾರೆನ್ಸ್ ನಡುವಿನ ರೈಲು ಮಾರ್ಗದಲ್ಲಿ, ಟಫ್ ಎಂಬ ಮೆದುವಾದ ಜ್ವಾಲಾಮುಖಿ ಶಿಲೆಯ ಕಡಿದಾದ ಬಂಡೆಯ ಮೇಲೆ ಇಟಲಿಯ ಉಂಬ್ರಿಯಾ ಪ್ರಾಂತ್ಯದ ಓರ್ವಿಯೆಟೊ ಪಟ್ಟಣವಿದೆ. ರೋಮನ್ನರ ಪ್ರಾಬಲ್ಯಕ್ಕೂ ಮೊದಲು ಮಧ್ಯ ಇಟಲಿಯಲ್ಲಿ ನೆಲೆಸಿದ್ದ ಎಟ್ರುಸ್ಕನ್ನರ ವೆಲ್ಜ್ನ ನಗರ ಇದೇ ಎಂದು ಬಹುತೇಕ ವಿದ್ವಾಂಸರು ಒಪ್ಪುತ್ತಾರೆ. ಕ್ರಿ.ಪೂ. 264ರಲ್ಲಿ ರೋಮನ್ನರು ಆ ನಗರವನ್ನು ನಾಶಮಾಡಿ, ಅಳಿದುಳಿದವರನ್ನು ಬೋಲ್ಸೆನಾ ಸರೋವರದ ಕಡೆಗೆ ಸಾಗಿಸಿದರು. ಹಾಗಾಗಿ ಈಗ ಬೀದಿಗಳಲ್ಲಿ ಕಾಣುವುದು ಬಹುಮಟ್ಟಿಗೆ ಮಧ್ಯಯುಗದ ಊರು. ಎಟ್ರುಸ್ಕನ್ನರದು ಹೆಚ್ಚಾಗಿ ಉಳಿದಿರುವುದು ಬಂಡೆಯ ಬುಡದಲ್ಲಿ ಮತ್ತು ಒಡಲಲ್ಲಿ. ನೇರವಾಗಿ ಕೆಥೆಡ್ರಲ್ ನೋಡಿ ಮಧ್ಯಾಹ್ನಕ್ಕೇ ಮರಳುವವರಿಗೆ ಅದು ಸಿಗುವುದಿಲ್ಲ.

ರೋಮ್‌ನ ಟರ್ಮಿನಿ ನಿಲ್ದಾಣದಿಂದ ರೈಲಿನಲ್ಲಿ ಸುಮಾರು ಒಂದೂಕಾಲು ಗಂಟೆಯ ಪ್ರಯಾಣ. ಕಾಗದದ ಪ್ರಾದೇಶಿಕ ಟಿಕೆಟ್ ಕೊಂಡಿದ್ದರೆ ಹತ್ತುವ ಮೊದಲೇ ಪ್ಲಾಟ್‌ಫಾರ್ಮಿನ ಯಂತ್ರದಲ್ಲಿ ಮುದ್ರೆ ಹಾಕಿಸಿಕೊಳ್ಳಬೇಕು. ಮರೆತರೆ ದಂಡ ತೆರಬೇಕಾಗುತ್ತದೆ.

ಬೆಳಗಿನ ತಂಪಿನಲ್ಲಿ, ಬಂಡೆಯ ಉತ್ತರ ಬುಡದಲ್ಲಿರುವ ಕ್ರೊಚಿಫಿಸ್ಸೊ ದೆಲ್ ಟುಫೊ ಸಮಾಧಿ ನೆಲೆಗೆ ಮೊದಲು ಹೋಗುವುದು ಒಳ್ಳೆಯದು. ಕ್ರಿ.ಪೂ. ಆರನೆಯ ಶತಮಾನದ ಈ ಕಲ್ಲಿನ ಕೋಣೆಗಳು ನೇರವಾದ ಬೀದಿಗಳ ಇಕ್ಕೆಲಗಳಲ್ಲಿ ಸಾಲಾಗಿ ನಿಂತಿದ್ದು, ನೋಡುವವರಿಗೆ ಇದು ಸ್ಮಶಾನಕ್ಕಿಂತ ಯೋಜಿತ ಬಡಾವಣೆಯೆಂದೇ ತೋರುತ್ತದೆ. ಪ್ರತಿ ಬಾಗಿಲ ಮೇಲಿನ ಅಡ್ಡಗಲ್ಲನ್ನು ಗಮನಿಸಬೇಕು. ಹಲವು ಕಡೆ ಸಮಾಧಿಯ ಒಡೆಯನ ಹೆಸರನ್ನು ಬಲದಿಂದ ಎಡಕ್ಕೆ ಸಾಗುವ ಲಿಪಿಯಲ್ಲಿ ಕೆತ್ತಲಾಗಿದೆ. ಆ ಹೆಸರುಗಳಲ್ಲಿ ಎಟ್ರುಸ್ಕನ್ ಅಲ್ಲದ ಮೂಲದವೂ ಇವೆ. ಹೊರಗಿನಿಂದ ಬಂದವರು ಇಲ್ಲಿ ನೆಲೆಸಿ, ಉಳಿದವರಷ್ಟೇ ಅಳತೆಯ ಸಮಾಧಿ ಪಡೆದಿದ್ದರೆಂಬುದು ನನಗೆ ಈ ಊರಿನ ಅತ್ಯಂತ ಕುತೂಹಲದ ಸಂಗತಿ.

ಬಳಿಕ ರೈಲು ನಿಲ್ದಾಣದ ಎದುರಿನಿಂದ ಹೊರಡುವ ಫ್ಯುನಿಕ್ಯುಲರ್ ಹಿಡಿದು ಮೇಲೇರಬಹುದು. 1888ರಲ್ಲಿ ನೀರಿನ ಭಾರದಿಂದ ಚಲಿಸುತ್ತಿದ್ದ ಈ ಹಗ್ಗದ ರೈಲು ಈಗ ವಿದ್ಯುತ್ತಿನಿಂದ ಓಡುತ್ತದೆ. ಮೇಲಿನ ನಿಲ್ದಾಣದ ಸಮೀಪದಲ್ಲೇ ಎಟ್ರುಸ್ಕನ್ನರ ಬೆಲ್ವೆಡೇರ್ ದೇವಾಲಯದ ಮೆಟ್ಟಿಲು ಮತ್ತು ತಳಪಾಯಗಳಿವೆ. ಪಕ್ಕದ ಸಂತ ಪ್ಯಾಟ್ರಿಕ್‌ನ ಬಾವಿ ಎಟ್ರುಸ್ಕನ್ನರದಲ್ಲ. 1527ರಲ್ಲಿ ರೋಮ್ ಲೂಟಿಯಾದಾಗ ಇಲ್ಲಿಗೆ ಓಡಿಬಂದ ಪೋಪ್ ಏಳನೆಯ ಕ್ಲೆಮೆಂಟ್, ಮುತ್ತಿಗೆಯ ಭಯದಿಂದ ತೋಡಿಸಿದ್ದು. ಇಳಿಯಲು ಒಂದು, ಏರಲು ಇನ್ನೊಂದು ಸುರುಳಿ ದಾರಿಯಿದ್ದು, ನೀರು ಹೊರುವ ಹೇಸರಗತ್ತೆಗಳು ಎದುರುಬದುರಾಗುತ್ತಿರಲಿಲ್ಲ. 248 ಮೆಟ್ಟಿಲುಗಳನ್ನು ಇಳಿದಷ್ಟೇ ಏರಲೂ ಬೇಕಾದ್ದರಿಂದ ಮಂಡಿನೋವಿರುವವರು ಬಿಟ್ಟುಬಿಡಬಹುದು.

ನೆಲದಡಿಯ ಗುಹೆಗಳನ್ನು ಮಾತ್ರ ಬಿಡಬಾರದು. ಇವುಗಳಿಗೆ ಮಾರ್ಗದರ್ಶಿಯೊಡನೆ ಮಾತ್ರ ಪ್ರವೇಶವಿರುವುದರಿಂದ ಇಂಗ್ಲಿಷ್ ತಂಡದ ಸಮಯವನ್ನು ಮೊದಲೇ ವಿಚಾರಿಸಿಕೊಳ್ಳಬೇಕು. ಎಟ್ರುಸ್ಕನ್ನರು ಕೊರೆದ ಕಿರಿದಾದ ಬಾವಿಗಳೂ, ನಂತರದವರು ಪಾರಿವಾಳ ಸಾಕಲು ಗೋಡೆಯಲ್ಲಿ ಮಾಡಿದ ಗೂಡುಗಳೂ ಒಂದೇ ಸುತ್ತಿನಲ್ಲಿ ಕಾಣುತ್ತವೆ. ಒಳಗೆ ಬೇಸಿಗೆಯಲ್ಲೂ ಚಳಿಯಿರುತ್ತದೆ.

1290ರಲ್ಲಿ ಆರಂಭವಾದ ಕೆಥೆಡ್ರಲ್ಲನ್ನು ಕೊನೆಗೆ ಇಟ್ಟುಕೊಳ್ಳಬೇಕು. ಅದರ ಮುಂಭಾಗ ಪಶ್ಚಿಮದತ್ತ ತಿರುಗಿರುವುದರಿಂದ ಚಿನ್ನದ ಬಣ್ಣದ ಮೊಸಾಯಿಕ್‌ಗಳು ಸಂಜೆಯ ಬಿಸಿಲಿನಲ್ಲೇ ಚೆನ್ನಾಗಿ ಕಾಣುತ್ತವೆ. ಒಳಗೆ ಲೂಕಾ ಸಿನ್ಯೊರೆಲ್ಲಿ ರಚಿಸಿದ ಅಂತಿಮ ತೀರ್ಪಿನ ಭಿತ್ತಿಚಿತ್ರಗಳಿಗೆ ಕನಿಷ್ಠ ಅರ್ಧ ಗಂಟೆ ಬೇಕು. ಎದುರಿನ ಫೈನಾ ವಸ್ತುಸಂಗ್ರಹಾಲಯದಲ್ಲಿ ಬೆಲ್ವೆಡೇರ್ ದೇವಾಲಯದ ಸುಟ್ಟ ಮಣ್ಣಿನ ಶಿಲ್ಪಗಳಿದ್ದು, ಬೆಳಿಗ್ಗೆ ಕಂಡ ಬರಿಯ ತಳಪಾಯದ ಮೇಲೆ ಏನಿತ್ತೆಂಬುದು ಅಲ್ಲಿ ತಿಳಿಯುತ್ತದೆ.

ಸಸ್ಯಾಹಾರಿಗಳು ಉಂಬ್ರಿಕೆಲ್ಲಿ ಎಂಬ ದಪ್ಪ ಪಾಸ್ತಾ ತರಿಸಿಕೊಳ್ಳುವಾಗ ಸಾಸ್‌ನಲ್ಲಿ ಮಾಂಸವಿದೆಯೇ ಎಂದು ಕೇಳಬೇಕು. ರಾತ್ರಿ ತಂಗದವರು ಕೊನೆಯ ರೈಲಿನ ಜೊತೆಗೆ ಕೊನೆಯ ಫ್ಯುನಿಕ್ಯುಲರ್‌ನ ಹೊತ್ತನ್ನೂ ಊಟಕ್ಕೆ ಕೂರುವ ಮೊದಲೇ ನೋಡಿಕೊಳ್ಳಬೇಕು.