ಎಲೆ ಉದುರಿಸುವ ಕುಂಡದ ಗಿಡಗಳ ಆರೈಕೆ

ಕಲಬುರಗಿಯ ಮಾಳಿಗೆಗಳ ಮೇಲೆ ಕುಂಡಗಳಲ್ಲಿ ಬೆಳೆಸಿದ ನಿಂಬೆ, ಕರಿಬೇವು, ದಾಳಿಂಬೆ ಗಿಡಗಳು ಬಿಸಿಲು 40 ಡಿಗ್ರಿ ದಾಟುವ ಏಪ್ರಿಲ್, ಮೇ ತಿಂಗಳುಗಳಲ್ಲಿ ಎಲೆ ಉದುರಿಸತೊಡಗಿದರೆ ಬಹುತೇಕರು ಇನ್ನಷ್ಟು ನೀರು ಸುರಿಯುತ್ತಾರೆ. ಎಷ್ಟೋ ಗಿಡಗಳು ಸಾಯುವುದು ಆ ನೀರಿನಿಂದಲೇ. ಮೊದಲು ರೆಂಬೆಯ ತೊಗಟೆಯನ್ನು ಉಗುರಿನಿಂದ ತುಸು ಕೆರೆದು ನೋಡಬೇಕು. ಒಳಗೆ ಹಸಿರಿದ್ದರೆ ಜೀವವಿದೆ. ಒಣಗಿದ್ದರೆ ಹಸಿರು ಕಾಣುವವರೆಗೆ ರೆಂಬೆಯನ್ನು ಕತ್ತರಿಸಬೇಕು. (ಚಳಿಗಾಲದಲ್ಲಿ ದಾಳಿಂಬೆ ಎಲೆ ಉದುರಿಸುವುದು ಸಹಜ, ಅದಕ್ಕೆ ಗಾಬರಿ ಬೇಡ.)

ನಮ್ಮಲ್ಲಿ ಸುಲಭವಾಗಿ ಸಿಗುವ ಎರೆಮಣ್ಣನ್ನೇ ಕುಂಡಕ್ಕೆ ತುಂಬುವವರು ಹೆಚ್ಚು. ಹೊಲದಲ್ಲಿ ತೊಗರಿಗೆ ಒಪ್ಪುವ ಆ ಮಣ್ಣು ಕುಂಡದಲ್ಲಿ ತೊಯ್ದಾಗ ಅಂಟಾಗಿ ಬೇರಿಗೆ ಗಾಳಿ ಸಿಗದಂತೆ ಮಾಡುತ್ತದೆ, ಒಣಗಿದಾಗ ಬಿರಿದು, ಹಾಕಿದ ನೀರನ್ನು ಬಿರುಕುಗಳಿಂದ ನೇರವಾಗಿ ಕೆಳಗೆ ಬಿಡುತ್ತದೆ. ಬೆರಳನ್ನು ಎರಡು ಅಂಗುಲ ಇಳಿಸಿದಾಗ ಮಣ್ಣು ಕೆಸರಿನಂತಿದ್ದು ಕೊಳೆತ ವಾಸನೆ ಬಂದರೆ, ಸಂಜೆ ಹೊತ್ತು ಗಿಡವನ್ನು ಹೊರತೆಗೆದು, ಕಪ್ಪಾಗಿ ಮೆತ್ತಗಾದ ಬೇರುಗಳನ್ನು ಕತ್ತರಿಸಿ, ಕೆಂಪು ಮಣ್ಣು, ಮರಳು ಮತ್ತು ಚೆನ್ನಾಗಿ ಕಳಿತ ಗೊಬ್ಬರವನ್ನು ಸಮಪ್ರಮಾಣದಲ್ಲಿ ಬೆರೆಸಿ, ತಳದ ತೂತು ತೆರೆದಿರುವ ಕುಂಡದಲ್ಲಿ ಮತ್ತೆ ನೆಡಬೇಕು.

ಅನಂತರ ಎರಡು ಮೂರು ವಾರ ಬೆಳಗಿನ ಎಳೆಬಿಸಿಲು ಮಾತ್ರ ತಾಗುವ ಕಡೆ ಇಡಬೇಕು. ಮೇಲ್ಮಣ್ಣು ಒಣಗಿದಾಗಲಷ್ಟೇ ನೀರು ಸಾಕು. ಹೊಸ ಚಿಗುರು ಬಲಿಯುವವರೆಗೆ ರಾಸಾಯನಿಕ ಗೊಬ್ಬರ ಹಾಕಬಾರದು.